ಭಾವನವರ ಸೌರದಾನ

ನಮ್ಮ ಮನೆಯ ಮೇಲೆ ನೆಟ್ಟಗೆ ಬಿಸಿಲು ಬೀಳುವುದು ನಿಂತು ಬಹಳ ವರ್ಷಗಳಾದವು. ಸೋನಾರ್‌ಪುರದ ರಸ್ತೆಯಿಂದ ನದಿಯ ಘಾಟಿನ ಕಡೆಗೆ ಇಳಿಯುವ ಗಲ್ಲಿಯಲ್ಲಿ ನಮ್ಮದು ಮೂರು ಅಂತಸ್ತಿನ ಹಳೆಯ ಮನೆ. ಪಕ್ಕದಲ್ಲಿ ಹೋಟೆಲೊಂದು ಎದ್ದು ನಿಂತ ಮೇಲೆ ನಮ್ಮ ಮಾಳಿಗೆಗೆ ಉಳಿದದ್ದು ಅದರ ಅಡುಗೆಮನೆಯ ಹೊಗೆ ಮತ್ತು ಮಂಗಗಳ ಹಿಂಡು. ಅಂಥ ಮನೆಗೂ ಸೂರ್ಯನ ಕರೆಂಟು ಬರುತ್ತದೆ ಎಂದು ಭಾವನವರು ಹೇಳಿದಾಗ ನಾನು ನಕ್ಕುಬಿಟ್ಟೆ.

ಭಾವನವರೆಂದರೆ ನನ್ನ ಗಂಡನ ಅಣ್ಣ. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಉತ್ತರದ ಈ ಯಾತ್ರಾಕ್ಷೇತ್ರಕ್ಕೆ ಬಂದಾಗಿನಿಂದ ಮನೆಯ ಯಜಮಾನಿಕೆ ಅವರದೇ. ಅಣ್ಣ, ತಮ್ಮ ಇಬ್ಬರೂ ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವ ಪುರೋಹಿತರು. ಕೆಳಗಿನ ಅಂತಸ್ತಿನಲ್ಲಿ ಭಾವನವರ ಸಂಸಾರ ಮತ್ತು ಯಾತ್ರಿಕರಿಗೆ ಕೊಡುವ ಕೋಣೆಗಳು. ನಡುವಿನದು ನಮ್ಮದು, ಪಾಲಾದಾಗ ನಮ್ಮ ಹೆಸರಿಗೆ ಬೇರೆ ಮೀಟರು ಹಾಕಿಸಿಕೊಂಡಿದ್ದೆವು. ಮೇಲಿನದು ಭಾವನವರ ಪಾಲಿಗೆ ಹೋಗಿತ್ತು. ಅಲ್ಲಿ ಬಾಡಿಗೆಗಿದ್ದವರು ಕಲಬುರಗಿ ಕಡೆಯ ಹೆಂಗಸು. ನನಗಿಂತ ಹಿರಿಯರಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಅವರ ಗಂಡ ಜಂಗಮವಾಡಿ ಮಠದಲ್ಲಿ ಅಡುಗೆ ಕೆಲಸ ಹಿಡಿದು ಬಂದವರು, ಇಲ್ಲೇ ತೀರಿಕೊಂಡರು. ಅಕ್ಕ ಊರಿಗೆ ಮರಳಲಿಲ್ಲ. ಎರಡು ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆಯ ಹಿಟ್ಟು ರುಬ್ಬಿ, ಈ ಊರಿನ ಲಂಕಾ ಬಡಾವಣೆಯಲ್ಲಿ ಓದುವ ಹುಡುಗರು ತಿನ್ನುವ ಸಣ್ಣ ಹೋಟೆಲುಗಳಿಗೆ ಇ-ರಿಕ್ಷಾದಲ್ಲಿ ಕಳಿಸುತ್ತಿದ್ದರು. ಅವರಿಗೆ ಕರೆಂಟು ಭಾವನವರ ಮೀಟರಿನಿಂದಲೇ ಹೋಗುತ್ತಿತ್ತು. ನಡುವೆ ಒಂದು ಸಬ್‌ಮೀಟರು. ಅದು ತೋರಿಸಿದಷ್ಟು ಯೂನಿಟ್ಟಿಗೆ ಅಕ್ಕ ತಿಂಗಳು ತಿಂಗಳು ಭಾವನವರ ಕೈಗೆ ದುಡ್ಡು ಕೊಡಬೇಕು.

ಇಲ್ಲಿರುವ ಕನ್ನಡದ ಮನೆಗಳದ್ದೊಂದು ಸಣ್ಣ ಸಂಘವಿದೆ. ಊರ ಹೊರಗೆ ಅದರದೊಂದು ಯಾತ್ರಿ ನಿವಾಸ, ಸುತ್ತ ಬಯಲು, ಮಾಳಿಗೆಯ ತುಂಬ ಬಿಸಿಲು. ಆ ಮಾಳಿಗೆಯ ಮೇಲೆ ಎಲ್ಲರೂ ದುಡ್ಡು ಹಾಕಿ ಸೌರ ಫಲಕ ಹಾಕಿಸುವುದು, ಹಾಕಿದ ಪಾಲಿಗೆ ತಕ್ಕಂತೆ ಎಲ್ಲರ ಬಿಲ್ಲಿನಲ್ಲೂ ಯೂನಿಟ್ಟು ಕಳೆಯುವುದು, ಇದು ಯೋಜನೆ. ಸಂಘದ ಸಭೆಯಲ್ಲಿ ಭಾವನವರೇ ನಿಂತು ವಿವರಿಸಿದರು. ಅರ್ಧ ಜನಕ್ಕೆ ತಿಳಿಯಲಿಲ್ಲ. ಅಲ್ಲಿಂದ ಇಲ್ಲಿಗೆ ತಂತಿ ಎಳೆಯುತ್ತಾರೇನು ಎಂದು ನನ್ನ ಗಂಡ ಕೇಳಿದರು. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಮಾತ್ರ ದೀಪ ಇರುತ್ತದೋ ಎಂದು ಇನ್ನೊಬ್ಬರು. ಭಾವನವರು ಬಾಯಿಯ ಪಾನ್ ಒಂದು ಕೆನ್ನೆಗೆ ಸರಿಸಿಕೊಂಡು, ಎಲ್ಲದಕ್ಕೂ ಹೌದು ಹೌದು ಎಂದರು.

ಎರಡೂ ಸುಳ್ಳು. ನನಗೆ ಅದು ತಿಳಿದದ್ದು ಮೊದಲ ಬಿಲ್ಲು ಬಂದ ಮೇಲೆ. ಫಲಕದ ಕರೆಂಟು ಅಲ್ಲೇ ಊರಿನ ಲೈನಿಗೆ ಸೇರಿಹೋಗುತ್ತದೆ. ಎಷ್ಟು ಸೇರಿತು ಎಂದು ಅಲ್ಲಿರುವ ಮೀಟರು ಅಳೆಯುತ್ತದೆ. ಆ ಯೂನಿಟ್ಟುಗಳನ್ನು ಇಲಾಖೆಯವರು ಪಾಲಿನ ಪ್ರಕಾರ ಹಂಚಿ, ನಮ್ಮ ಮನೆಯಲ್ಲಿ ಖರ್ಚಾದದ್ದರಿಂದ ಕಳೆದು, ಉಳಿದದ್ದಕ್ಕೆ ಬಿಲ್ಲು ಮಾಡುತ್ತಾರೆ. ಖರ್ಚಿಗಿಂತ ಹೆಚ್ಚು ಬಂದರೆ ಮುಂದಿನ ತಿಂಗಳಿಗೆ ಜಮೆ. ಮನೆಗೆ ಬರುವುದು ಮೊದಲಿನ ಕರೆಂಟೇ, ಅದು ಹೋದರೆ ಎಲ್ಲರ ಮನೆಯಲ್ಲೂ ಕತ್ತಲೆಯೇ. ಮೀಟರು ಇಟ್ಟುಕೊಂಡದ್ದಕ್ಕೆ ಕಟ್ಟುವ ಸ್ಥಿರ ಶುಲ್ಕವೂ ತಪ್ಪುವುದಿಲ್ಲ. ಬಿಲ್ಲು ಸೊನ್ನೆ ಬರುತ್ತದೆಂದು ಕಾದವರು ಆ ತಿಂಗಳು ಸಂಘದ ಕಾರ್ಯದರ್ಶಿಯನ್ನು ಬೈದರು. ನನಗೆ ಮಾತ್ರ ಅದು ನ್ಯಾಯವಾಗಿಯೇ ಕಂಡಿತು. ಕಣ್ಣಿಗೆ ಕಾಣದ ಮಾಳಿಗೆಯ ಬಿಸಿಲು ನನ್ನ ಬಿಲ್ಲಿನ ಒಂದು ಸಾಲಿನಲ್ಲಿ ಇಳಿದು ಬಂದಿತ್ತು.

ಅಕ್ಕನೂ ಪಾಲು ಹಾಕಿದ್ದರು. ಯಾರೂ ಒತ್ತಾಯ ಮಾಡಿರಲಿಲ್ಲ. ಹೆಂಗಸರ ಸಾಲಿನಿಂದ ಎದ್ದು, “ನಂದೂ ಒಂದ್ ಪಾಲ್ ಹಿಡೀರಿ, ನಂದು ದಿನಾ ಗ್ರೈಂಡರ್ ತಿರಗತದ,” ಎಂದಿದ್ದರು. ಅವರ ಹೆಸರಿಗೆ ಮೀಟರಿಲ್ಲವಲ್ಲ ಎಂದು ಕಾರ್ಯದರ್ಶಿ ತಲೆ ಕೆರೆದುಕೊಂಡಾಗ ಭಾವನವರೇ, “ನನ್ನ ಮೀಟರಿಗೆ ಕೂಡಿಸಿ ಬರೀರಿ. ಅಕಿ ಪಾಲಿಂದು ನಾ ಅಕಿ ಲೆಕ್ಕದಾಗ ಕಳದ ಕೊಡ್ತೀನಿ,” ಎಂದರು. ಎಲ್ಲರೂ ಕೇಳಿಸಿಕೊಂಡ ಮಾತು ಅದು.

ಚಳಿಗಾಲದಲ್ಲಿ ಮಂಜು ಕವಿದಿತ್ತು, ಯಾರಿಗೂ ಹೆಚ್ಚು ಯೂನಿಟ್ಟು ಬರಲಿಲ್ಲ. ಹೋಳಿ ಕಳೆದು ಬಿಸಿಲು ಏರಿದಂತೆ ನನ್ನ ಬಿಲ್ಲು ಇಳಿಯುತ್ತ ಹೋಯಿತು. ಒಂದು ದಿನ ಅಕ್ಕ ಉದ್ದಿನಬೇಳೆ ತೊಳೆಯುತ್ತ, “ತಂಗಿ, ನಿಂಗ ಆ ಸೋಲಾರಿಂದು ಬಂತೇನ?” ಎಂದು ಕೇಳಿದರು.

“ಬಂತಲ್ಲರೀ ಅಕ್ಕಾ. ನಿಮಗ?”

“ನಂಗ ಇನ್ನಾ ಇಲ್ಲ. ಮೋಡ ಅದ, ಕರೆಂಟ್ ಹುಟ್ಟಿಲ್ಲ ಅಂದ್ರು ನಿಮ್ಮ ಭಾವನೋರು.”

ನಾನು ಕಿಟಕಿಯ ಹೊರಗೆ ನೋಡಿದೆ. ಗಲ್ಲಿಯ ನಾಯಿಗಳು ಚರಂಡಿಯ ನೀರಲ್ಲಿ ಹೊಟ್ಟೆ ಅದ್ದಿ ಮಲಗಿದ್ದವು. ಹಾಸುಗಲ್ಲು ಕಾಲಿಟ್ಟರೆ ಸುಡುವಂತಿತ್ತು. ಆ ಬಿಸಿಲಿಗೆ ಮೋಡ ಎಂದು ಹೆಸರಿಟ್ಟಿದ್ದರು ನಮ್ಮ ಭಾವನವರು!

ಅದೇ ತಿಂಗಳು ಅವರು ಯಾತ್ರಿಕರ ಕೋಣೆಗಳಿಗೆಲ್ಲ ಎಸಿ ಹಾಕಿಸಿದ್ದರು. ಎಸಿಯ ನೀರು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಸುರಿದು, ಅಲ್ಲಿ ಅವರು ಉಗುಳಿದ್ದ ಪಾನಿನ ಕೆಂಪನ್ನು ಕರಗಿಸಿಕೊಂಡು ಕೆಳಕ್ಕೆ ಹರಿಯುತ್ತಿತ್ತು. ಅಕ್ಕ ಹಿಟ್ಟಿನ ಡಬ್ಬಿ ಹೊತ್ತು ಇಳಿಯುವ ಮೆಟ್ಟಿಲು ಅದೇ. ಸೀರೆ ಎತ್ತಿ ಹಿಡಿದು, ಆ ಲೋಳೆಯಲ್ಲಿ ಕಾಲು ಜಾರದಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು.

ನಾನು ಕೆಳಗೆ ಹೋದೆ. ಭಾವನವರು ಊಟಕ್ಕೆ ಕೂತಿದ್ದರು. ನನ್ನ ವೈನಿ, ಅಂದರೆ ಅವರ ಹೆಂಡತಿ, ಬಡಿಸುತ್ತಿದ್ದರು.

“ಭಾವ, ಮ್ಯಾಲಿನ ಅಕ್ಕಗ ಸೋಲಾರ್ ಯೂನಿಟ್ ಕಳದಿಲ್ಲಂತಲ್ಲರೀ?” ಎಂದೆ.

“ಕಳಿಯೂದೇನದ ಅದರಾಗ?”

“ಅವರೂ ಪಾಲ ಹಾಕ್ಯಾರಲ್ಲ.”

“ಹಾಕ್ಯಾಳ. ಬಿಲ್ಲ ಯಾರ ಹೆಸರಿಗದ? ನನ್ನ ಹೆಸರಿಗೆ. ಇಲಾಖೆಯವರು ಮೀಟರ್ ಇದ್ದವರಿಗೆ ಕೊಡ್ತಾರ. ಮೀಟರ್ ಇಲ್ಲದಾಕಿಗೆ ಅವರ ಕೊಟ್ಟಿಲ್ಲ, ನಾ ಎಲ್ಲಿಂದ ಕೊಡ್ಲಿ?”

“ನಿಮ್ಮ ಮೀಟರಿನಾಗ ಬರ್ತದ, ನೀವು ಕಳದ ಕೊಡ್ತೀರಿ ಅಂತ ಅವತ್ತ ನೀವ ಅಂದಿದ್ರಿ.”

“ಅಂದಿರಬೇಕು,” ಎಂದರು. ಸಾರು ಅನ್ನ ಕಲಸುವ ಕೈ ನಿಲ್ಲಲಿಲ್ಲ. “ಬಾಡಿಗಿ ಮಂದಿ ನೋಡಮ್ಮ. ಇವತ್ತ ಇರ್ತಾರ, ನಾಳೆ ಗಂಟು ಕಟ್ಟತಾರ. ಸೂರ್ಯ ಇಲ್ಲೇ ಇರ್ತಾನ, ಮನೀನೂ ಇಲ್ಲೇ ಇರ್ತದ.” ತಮ್ಮ ಮಾತಿಗೆ ತಾವೇ ನಕ್ಕರು. ತುಪ್ಪ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದರು.

ಅವರು ಸಿಟ್ಟು ಮಾಡಿದ್ದರೆ, ಮುಚ್ಚಿಟ್ಟಿದ್ದರೆ, ಸುಳ್ಳನ್ನೇ ಮುಂದುವರಿಸಿದ್ದರೆ ನನಗೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂಬಂತೆ ಕೂತಿದ್ದರು. ಬೆಳಿಗ್ಗೆಯಷ್ಟೇ ಘಾಟಿನ ಮೆಟ್ಟಿಲ ಮೇಲೆ ಯಾರದೋ ಮಗನಿಗೆ, ಕೊಟ್ಟ ಮಾತು ತಪ್ಪಿದರೆ ಪಿತೃಗಳಿಗೆ ಅನ್ನ ಸೇರುವುದಿಲ್ಲ ಎಂದು ಹೇಳಿ ಬಂದವರು. ನಾನು ಅಲ್ಲಿ ನಿಲ್ಲದೆ ಮೇಲೆ ಬಂದೆ.

ಗಂಡನಿಗೆ ಹೇಳಿದೆ. ಅವರು ಪಂಚೆ ಮಡಚುತ್ತ ಗೋಡೆಯ ಕಡೆ ತಿರುಗಿ, “ಅಣ್ಣನ ಎದುರಿಗೆ ನೀ ಯಾಕ ಬಾಯಿ ಹಾಕಿದಿ?” ಎಂದರು. ಪಂಚೆಯನ್ನು ಗೂಟಕ್ಕೆ ಹಾಕಿ, “ನಮಗ ಬರೂದು ಬರ್ಲಿಕ್ಕತ್ತದಲ್ಲ,” ಎಂದೂ ಸೇರಿಸಿದರು. ಅವರ ಮೇಲೂ ಹೇಸಿಗೆ ಬಂತು. ಇಷ್ಟು ವರ್ಷ ಸಂಸಾರ ಮಾಡಿದವರ ಬಗ್ಗೆ ಹಾಗೆ ಬರೆಯಬಾರದೇನೋ. ಆದರೆ ಬಂತು.

ಸಂಘದ ಮುಂದಿನ ಸಭೆಯಲ್ಲಿ ನಾನೇ ಎದ್ದು ಕೇಳಿದೆ. ಬಾಡಿಗೆಯವರು ಹಾಕಿದ ಪಾಲಿನ ಯೂನಿಟ್ಟು ಅವರಿಗೆ ಹೋಗಬೇಕೋ ಬೇಡವೋ ಎಂದಷ್ಟೇ. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡರು. “ತಾಯಿ, ಇದು ನಿಮ್ಮ ಮನಿಯೊಳಗಿನ ವಿಷಯ,” ಎಂದರು. ಹಿಂದಿನಿಂದ ಒಬ್ಬರು, “ಬಾಡಿಗಿಯವರಿಗೆಲ್ಲಾ ಕೊಡ್ಕೋತ ಹೋದ್ರ ನಾವು ಹಾಕಿದ್ದಕ್ಕ ಏನ್ ಉಳೀತದ?” ಎಂದರು. ಯಾರೂ ಅವರನ್ನು ತಡೆಯಲಿಲ್ಲ. ನಾನು ಸುತ್ತ ನೋಡಿದೆ. ಒಬ್ಬರು ಜಮಖಾನೆಯ ದಾರ ಕೀಳುತ್ತಿದ್ದರು, ಒಬ್ಬರು ಫೋನು ನೋಡುತ್ತಿದ್ದರು. ಆಗ ಹೊಳೆಯಿತು. ಇವರಲ್ಲಿ ಬಹಳ ಜನರ ಮನೆಯ ಮೇಲೂ ಒಬ್ಬ ಬಾಡಿಗೆಯವನಿದ್ದ. ಅವನೂ ಪಾಲು ಹಾಕಿದ್ದ. ಅವನಿಗೂ ಮೋಡದ ಕಥೆ ಹೇಳಲಾಗಿತ್ತು. ಭಾವನವರು ಒಬ್ಬರೇ ಮಾಡಿದ ಕೆಲಸವಲ್ಲ ಅದು. ಅವರು ಮೊದಲು ಮಾಡಿದ್ದರು, ಅಷ್ಟೆ. ಸಭೆ ಮುಗಿದು ಎಲ್ಲರಿಗೂ ಉಪ್ಪಿಟ್ಟು, ಶಿರಾ ಕೊಟ್ಟರು. ಎಲ್ಲರೂ ತಿಂದರು.

ಅಕ್ಕ ಮನೆಯಲ್ಲಿ ಕೂತು ಅಳುವವರಲ್ಲ. “ನನ್ನ ಹೆಸರಿಗೇ ಮೀಟರ್ ಮಾಡಿಸಿದ್ರ ಮುಗೀತಲ್ಲ?” ಎಂದು ನನ್ನನ್ನು ಕರೆದುಕೊಂಡು ಕರೆಂಟಿನ ಕಚೇರಿಗೆ, ಬಿಜಲಿ ದಫ್ತರಿಗೆ ಹೊರಟರು. ಅಲ್ಲಿಯ ಗುಮಾಸ್ತ ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟ. ಬಾಡಿಗೆಯವರ ಹೆಸರಿಗೂ ಮೀಟರು ಆಗುತ್ತದೆ, ಆಮೇಲೆ ಸೌರದ ಪಾಲನ್ನೂ ಆ ಮೀಟರಿಗೆ ತಿರುಗಿಸಬಹುದು ಎಂದು ಬಿಡಿಸಿ ಹೇಳಿದ. ಕೊನೆಗೆ, “ಬಸ್, ಮಕಾನ್ ಮಾಲಿಕ್ ಕಾ ಎನ್‌ಓಸಿ ಲೇ ಆಯಿಯೇ, ಮಾತಾಜಿ,” ಎಂದ. ಮನೆ ಮಾಲೀಕನ ಒಪ್ಪಿಗೆಯ ಪತ್ರ, ಅದರ ಖಾಲಿ ನಮೂನೆಯನ್ನೂ ಕೈಗೆ ಕೊಟ್ಟ. ಅದನ್ನು ಕೇಳಲು ಹೋದಾಗ ಭಾವನವರು ಅಕ್ಕನಿಗೆ, “ನನ್ನ ಗ್ವಾಡಿ ಮ್ಯಾಲ ಇನ್ನೊಬ್ಬರ ಮೀಟರ್ ಯಾಕ?” ಎಂದು ಕಳಿಸಿದರು.

ಆ ಸಂಜೆಯೇ ನಾನು ಅಕ್ಕನ ಗ್ರೈಂಡರುಗಳನ್ನು ನಮ್ಮ ಪಡಸಾಲೆಗೆ ಇಳಿಸಿದೆ. ನಮ್ಮ ಮೀಟರಿನ ಮೇಲೆ ಓಡಲಿ, ನಮ್ಮ ಪಾಲಿನ ಯೂನಿಟ್ಟಿನಲ್ಲೇ ಕಳೆಯಲಿ ಎಂದೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು. ಬೇಡ ಎನ್ನಲಿಲ್ಲ, ಕೈಯನ್ನೂ ಹಚ್ಚಲಿಲ್ಲ. ಕಲ್ಲಿನ ಗ್ರೈಂಡರ್ ಇಳಿಸುವಾಗ ಗಲ್ಲಿಯ ರಿಕ್ಷಾದವರಿಬ್ಬರು ಬಂದು ಹಿಡಿದರು. ಏನಾಯಿತು, ಯಾಕೆ ಇಳಿಸುತ್ತಿದ್ದೀರಿ ಎಂದು ಎದುರು ಮನೆಯವರು ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ, ಗಟ್ಟಿಯಾಗಿ, ಹಿಂದಿಯಲ್ಲಿ ಹೇಳಿದೆ. ಪಾನಿನ ಅಂಗಡಿಯವನೂ ಕೇಳಿಸಿಕೊಂಡ.

ಭಾವನವರಿಗೆ ಚುಚ್ಚಿದ್ದು ಅದು. ಆ ಅಂಗಡಿಯ ಮುಂದೆಯೇ ಅವರ ದಿನದ ದರ್ಬಾರು. ಈಗ ಅಲ್ಲಿ, ಪಂಡಿತ್‌ಜಿ ಸೂರಜ್ ಭೀ ಕಿರಾಯೇ ಪರ್ ದೇತೇ ಹೈಂ ಎಂದು ನಗೆಯಾಡತೊಡಗಿದರು, ಪಂಡಿತರು ಸೂರ್ಯನನ್ನೂ ಬಾಡಿಗೆಗೆ ಕೊಡುತ್ತಾರೆ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ಪಿತೃಪಕ್ಷ ಬಂತು. ಬಳ್ಳಾರಿ ಕಡೆಯ ದೊಡ್ಡ ಯಜಮಾನರೊಬ್ಬರು ತಂದೆಯ ಶ್ರಾದ್ಧಕ್ಕೆ ಇಪ್ಪತ್ತು ಜನರೊಡನೆ ಬಂದು ನಮ್ಮ ಭಾವನವರ ಕೋಣೆಗಳಲ್ಲೇ ಇಳಿದರು. ಅವರ ಕಿವಿಗೂ ಈ ಮಾತು ಬಿದ್ದಿರಬೇಕು. ಭಾವನವರು ಎರಡು ದಿನ ಪಾನಿನ ಅಂಗಡಿಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ವೈನಿಯ ಕೈಲಿ ಹೇಳಿ ಕಳಿಸಿದರು: ಸಂಘದ ಸಭಾಂಗಣದಲ್ಲಿ ಯಜಮಾನರ ಲೆಕ್ಕದಲ್ಲಿ ಊಟ, ಮೇಲಿನ ಅಕ್ಕನನ್ನೂ ಕರೆದುಕೊಂಡು ತಪ್ಪದೆ ಬರಬೇಕು.

ಊಟಕ್ಕೆ ಮೊದಲು ಭಾವನವರು ಎದ್ದು ನಿಂತರು. ಮಡಿ ಪಂಚೆ, ಹಣೆಗೆ ಗಂಧ, ಹೆಗಲ ಮೇಲೆ ಯಜಮಾನರು ಹೊದಿಸಿದ ಜರಿ ಶಾಲು. ಅನ್ನದಾನ, ಗೋದಾನ, ಭೂದಾನ ಎಂದು ಶುರುಮಾಡಿ, ಈ ಕಾಲಕ್ಕೆ ಒಪ್ಪುವ ದಾನ ಯಾವುದು ಎಂದು ಕೇಳಿ, ತಾವೇ ಉತ್ತರ ಹೇಳಿದರು. ಬೆಳಕು. “ಸೂರ್ಯನಾರಾಯಣನಿಂದ ನಮ್ಮ ಪಾಲಿಗೆ ಬಂದದ್ದರಾಗ ಒಂದು ಪಾಲು, ಗಂಡ ಇಲ್ಲದ, ದಿಕ್ಕಿಲ್ಲದ ಈ ತಾಯಿಗೆ ಇವತ್ತ ದಾನ ಮಾಡ್ಲಿಕ್ಕತ್ತೀನಿ,” ಎಂದು ಅಕ್ಕನನ್ನು ತೋರಿಸಿದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅಕ್ಕನ ಪಾಲನ್ನು ಅಕ್ಕನಿಗೇ ದಾನ ಮಾಡುತ್ತಿದ್ದರು!

ಮಣೆ ಹಾಕಿದರು. ಅಕ್ಕನನ್ನು ಕೂರಿಸಿದರು. ಭಾವನವರು ತಾಮ್ರದ ಚೊಂಬು ಹಿಡಿದು ಸಂಕಲ್ಪ ಹೇಳಿದರು. ವಿದ್ಯುತ್ತಿನ ಯೂನಿಟ್ಟಿಗೆ ಯಾವ ಶಾಸ್ತ್ರದಲ್ಲಿ ಮಂತ್ರವಿದೆ? ಅಲ್ಲೇ ಒಂದು ಕಟ್ಟಿದರು. ಸೌರವಿದ್ಯುದ್ದಾನಂ ಎಂಬ ಮಾತು ಅವರ ಬಾಯಿಂದ ಬಂದಾಗ ನನ್ನ ಗಂಡ ತಲೆ ತಗ್ಗಿಸಿದ್ದನ್ನು ನೋಡಿದೆ. ಅವರಿಗೂ ಮಂತ್ರ ಗೊತ್ತು. ಸಭಾಂಗಣದಲ್ಲಿ ಫೋನುಗಳು ಎದ್ದವು, ಫೋಟೋ ತೆಗೆದರು. ಪಾಲಿನ ಮಾತನ್ನು ಅವತ್ತು ಕಿವಿಯಾರೆ ಕೇಳಿದ್ದವರೇ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಕ್ಕ ಎದ್ದು ಆ ನೀರನ್ನು ಅವರ ಮುಖಕ್ಕೆ ಎರಚಲಿ ಎಂದು ನಾನು ಕಾದೆ.

ಅಕ್ಕ ಕೈ ಚಾಚಿದರು. ನೀರು ಬಿಡಿಸಿಕೊಂಡರು. ಆಮೇಲೆ ಎದ್ದು, ಭಾವನವರ ಕಡೆ ನೋಡದೆ ಯಜಮಾನರ ಕಡೆ ತಿರುಗಿ ಕೈಮುಗಿದರು.

“ದೊಡ್ಡ ಮನಸ್ ಮಾಡ್ಯಾರ್ರೀ ಇವ್ರು. ಒಂದೇ ಅಡಚಣಿ ಅದ. ನನ್ನ ಹೆಸರ್ಲೆ ಮೀಟರ್ ಇಲ್ಲ. ಮೀಟರ್ ಇಲ್ಲಂದ್ರ ಈ ದಾನ ನನಗ ಮುಟ್ಟಂಗಿಲ್ಲ, ಮತ್ತ ಇವರ ಬಿಲ್ಲಿಗೇ ಹೋಗಿ ಕೂಡ್ತದ. ಕೊಟ್ಟ ದಾನ ಕೊಟ್ಟವರ ಮನೀಗೇ ತಿರುಗಿ ಹೋದ್ರ ಇವರಿಗೇ ಪಾಪ ಬರ್ತದಲ್ರೀ? ಒಪ್ಪಿಗಿ ಪತ್ರಕ್ಕ ಒಂದ್ ಸಹಿ ಹಾಕಿದ್ರ ಆತು.”

ಸೊಂಟಕ್ಕೆ ಸಿಕ್ಕಿಸಿದ್ದ ಪತ್ರ ತೆಗೆದರು. ದಫ್ತರಿನಲ್ಲಿ ಕೊಟ್ಟಿದ್ದ ಕಾಗದ, ಮಡಚಿದ್ದು. ಅದನ್ನು ಯಾಕೆ ತಂದಿದ್ದರೋ, ಎಲ್ಲಿ ಹೋದರೂ ಸೊಂಟದಲ್ಲೇ ಇಟ್ಟುಕೊಂಡಿರುತ್ತಿದ್ದರೋ, ನಾನು ಎಂದೂ ಕೇಳಲಿಲ್ಲ.

ಯಜಮಾನರಿಗೆ ಹಸಿವಾಗಿತ್ತು. “ಹಾಕಿಬಿಡ್ರಿ ಆಚಾರ್ರೇ. ಇಷ್ಟು ಮಾಡಿದೋರು ಅಷ್ಟು ಮಾಡಲ್ವಾ?” ಎಂದು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕೊಟ್ಟರು. ಭಾವನವರು ಪೆನ್ನು ಹಿಡಿದು ಸುತ್ತ ಎದ್ದಿದ್ದ ಫೋನುಗಳನ್ನು ನೋಡಿದರು. ನಂತರ ನಕ್ಕರು, ಸಹಿ ಹಾಕಿದರು, ಅದಕ್ಕೂ ಒಂದು ಫೋಟೋ ತೆಗೆಸಿಕೊಂಡರು.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ನನಗೆ ತಡೆಯಲಾಗಲಿಲ್ಲ. “ನಿಮ್ಮದನ್ನ ನಿಮಗ ದಾನ ಕೊಟ್ರ ಅದಕ್ಕ ಹ್ಯಾಂಗ ಕೈ ಚಾಚಿದ್ರಿ ಅಕ್ಕಾ? ಎಲ್ಲಾರ ಮುಂದ ದಿಕ್ಕಿಲ್ಲದಾಕಿ ಅಂದ್ರಲ್ಲ. ನನಗ ನೋಡ್ಲಿಕ್ಕೇ ಆಗ್ಲಿಲ್ಲ. ಹೇಸಿಗಿ ಬಂತು.”

ಅಕ್ಕ ಗೋಡೆ ಹಿಡಿದು ನಿಂತರು. “ನನಗೂ ಬಂತು. ಆದ್ರ ಅಷ್ಟ್ ಮಂದಿ ಮುಂದ ಅವ ಕೊಡ್ತೀನಂದ. ಇನ್ನ ಇಲ್ಲ ಅನ್ನಾಕ ಬಾಯಿಲ್ಲ ಅವಗ. ನಾ ಬ್ಯಾಡ ಅಂದಿದ್ರ ನಿಂಗ ಖುಷಿ ಆಗ್ತಿತ್ತು, ನನ್ನ ಯೂನಿಟ್ ಅವನ ಎಸಿಗೆ ಹೋಗ್ತಿತ್ತು.” ಅಷ್ಟು ಹೇಳಿ, ಪತ್ರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು.

ಮೀಟರು ಬಂತು, ಗ್ರೈಂಡರುಗಳು ಮತ್ತೆ ಮೇಲೆ ಹೋದವು. ಕಾರ್ಯದರ್ಶಿ ಪಾಲನ್ನು ಅದಕ್ಕೆ ತಿರುಗಿಸಲು ಬರೆದುಕೊಟ್ಟರು, ಆ ಫೋಟೋಗಳಾದ ಮೇಲೆ ಕೊಡದಿರಲು ಅವರಿಗೂ ದಾರಿಯಿರಲಿಲ್ಲ. ಅಕ್ಕನ ಹೆಸರಿನ ಮೊದಲ ಬಿಲ್ಲು ಬಂದಾಗ ನಾನು ಓದಿ ಹೇಳಿದೆ. ಖರ್ಚಾದದ್ದು ಇಷ್ಟು, ಸೌರದ್ದು ಕಳೆದದ್ದು ಇಷ್ಟು. ಸ್ಥಿರ ಶುಲ್ಕ ಬಂದಾಗ ಅಕ್ಕ ತಡೆದು, ಇದು ಯಾತಕ್ಕೆ ಎಂದರು. ಮೀಟರು ಇಟ್ಟುಕೊಂಡದ್ದಕ್ಕೆ ಎಂದೆ. “ಗ್ವಾಡಿ ಅವಂದು, ಕರೆಂಟ್ ಊರಿಂದು, ಬಿಸಿಲ್ ದೇವರದು. ನಾ ಇಟ್ಕೊಂಡಿದ್ದೇನ?” ಎಂದು ಇಲಾಖೆಗೆ ಒಂದಿಷ್ಟು ಬೈದು ಗ್ರೈಂಡರ್ ಹಾಕಿದರು.

ಉಳಿದ ಬಾಡಿಗೆಯವರಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಅವರ ಪಾಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ಎರಡು ಸಲ ಎತ್ತಿದೆ, ಎರಡು ಸಲವೂ ಮುಂದಿನ ವಿಷಯಕ್ಕೆ ಹೋದರು. ಸಂಘದ ಸಭಾಂಗಣದ ಗೋಡೆಗೆ ಈಗ ಒಂದು ಬಿಳಿ ಕಲ್ಲು ಕೂರಿಸಿದ್ದಾರೆ. ಸೌರದಾನ ಮಾಡಿದ ಪುಣ್ಯಾತ್ಮರು ಎಂದು ಕೆತ್ತಿ, ಅದರ ಕೆಳಗೆ ಭಾವನವರ ಹೆಸರು. ದಕ್ಷಿಣದಿಂದ ಬಂದ ಯಾತ್ರಿಕರು ಅದನ್ನು ಓದಿ, ಹುಡುಕಿಕೊಂಡು ಬಂದು ಅವರ ಕಾಲಿಗೆ ಬೀಳುತ್ತಾರೆ.

ಮಾವನವರ ಶ್ರಾದ್ಧ ಕೆಳಗಿನ ಮನೆಯಲ್ಲೇ ಆಗುತ್ತದೆ. ಈ ವರ್ಷ ನಾನು ಬೆಳಿಗ್ಗೆ ಇಳಿದು ಅಡುಗೆಗೆ ಕೈ ಹಚ್ಚಿದೆ. ಸತ್ತವರ ಮೇಲೆ ನನಗೇನೂ ಸಿಟ್ಟಿಲ್ಲ. ಎಲೆ ಹಾಕುವ ಹೊತ್ತಿಗೆ ಕೈ ತೊಳೆದುಕೊಂಡು ಮೇಲೆ ಬಂದೆ. ಗಂಡ ಅಲ್ಲೇ ಉಂಡರು. ಸ್ವಲ್ಪ ಹೊತ್ತಿಗೆ ವೈನಿ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಕೇಳಿದರು:

“ನಿನ್ನ ಎಲಿ ಮ್ಯಾಲ ಕಳಿಸ್ಲೇನ?”

“ಬ್ಯಾಡರೀ ವೈನಿ. ಅಲ್ಲಿ ಅನ್ನ ಇಳಿಯೂದಿಲ್ಲ ನನಗ.”

ವೈನಿ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಇಳಿದು ಹೋದರು. ನಾನು ಮೊಸರನ್ನ ಕಲಸಿಕೊಂಡು ಉಂಡೆ.